ಪೈಲ್ವಾನಜ್ಜನನ್ನು ನಿಲ್ಲಿಸಿದ್ದು

ನರ್ಸಿಂಗ್ ಓದಲು ಸೇರಿದಾಗ ನನಗೆ ರಕ್ತದ ಹೆದರಿಕೆ ಇರಲಿಲ್ಲ, ಸೂಜಿಯದೂ ಇರಲಿಲ್ಲ. ಇದ್ದದ್ದು ಒಂದೇ: ಯಾರಾದರೂ ನನ್ನ ಕೈತಪ್ಪಿ ಬಿದ್ದುಬಿಟ್ಟರೆ? ನಾನು ಕುಳ್ಳಿ. ಕೊಟ್ಟೂರಿನ ಹತ್ತಿರದ ನಮ್ಮೂರಲ್ಲಿ ತುಂಬಿದ ಕೊಡ ಹೊತ್ತರೆ ಓಲಾಡುತ್ತೇನೆಂದು ಎಲ್ಲರೂ ನಗುತ್ತಿದ್ದರು. ಇಂಥವಳು ಕಾಯಿಲೆ ಬಿದ್ದವರನ್ನು ಎಬ್ಬಿಸಿ ಕೂಡಿಸುವುದು ಹೇಗೆ ಎಂದು ಹರಪನಹಳ್ಳಿಗೆ ಬರುವ ಬಸ್ಸಿನಲ್ಲೇ ಯೋಚನೆ ಹತ್ತಿತ್ತು.

ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ನಾವು ಹುಡುಗಿಯರೇ ಒಬ್ಬರಿಗೊಬ್ಬರು ರೋಗಿಗಳಾಗುತ್ತಿದ್ದೆವು. ಒಂದು ದಿನ ಪಾಠ ಹೇಳುವ ಮೇಡಂ, ನಡೆಸುವಾಗ ರೋಗಿ ಕುಸಿದರೆ ಏನು ಮಾಡಬೇಕೆಂದು ತೋರಿಸಿದರು.

“ಬೀಳೋರನ್ನ ಎತ್ತಿ ಹಿಡಿಯಾಕ ಹೋಗಬ್ಯಾಡ್ರಿ. ನಿಮ್ಮ ಸೊಂಟನೂ ಹೋಗ್ತೈತಿ, ಅವರ ತಲಿನೂ ಒಡಿತೈತಿ. ಕಾಲು ಅಗಲಿಸಿ ನಿಲ್ರಿ, ಅವರನ್ನ ನಿಮ್ಮ ಮೈಗೆ ಒರಗಿಸಿಕೊಳ್ರಿ, ತೊಡಿ ಮ್ಯಾಲೆ ಜಾರಿಸ್ಕೋತ ನೆಲಕ್ಕ ಇಳಸ್ರಿ. ತಲಿ ಮಾತ್ರ ಕಾಯ್ರಿ.”

ರೋಗಿಯನ್ನು ನೆಲಕ್ಕೆ ಕೂಡಿಸುವುದಕ್ಕೂ ಟ್ರೈನಿಂಗ್ ಬೇಕಾ ಎಂದು ನಾವು ಮುಸಿಮುಸಿ ನಕ್ಕೆವು.

ವಾರ್ಡಿಗೆ ಹಾಕಿದಾಗ ನನಗೆ ಸಿಕ್ಕ ಮೊದಲ ರೋಗಿ ಹಲವಾಗಲು ಎಂಬ ಊರಿನ ಕಡೆಯ ಒಬ್ಬ ಅಜ್ಜ. ಒಂದು ಕಾಲದಲ್ಲಿ ಹೆಸರು ಮಾಡಿದ ಪೈಲ್ವಾನನಂತೆ. ಮಂಚದ ತುಂಬ ಅವನೇ ಇದ್ದ. ಕುಸ್ತಿಯಲ್ಲಿ ಜಜ್ಜಿ ಗಂಟುಗಟ್ಟಿದ ಕಿವಿಗಳು, ನನ್ನ ಎರಡು ಕೈ ಸೇರಿಸಿದರೂ ಹಿಡಿತಕ್ಕೆ ಸಿಗದ ತೋಳು. ನ್ಯುಮೋನಿಯಾ ಆಗಿ ಬಹಳ ದಿನ ಮಲಗಿದ್ದ. ಜ್ವರ ಇಳಿದಿತ್ತು, ಆದರೆ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಹೊಲಿಗೆ ಮಾಡುವ ಮಗಳು ಅಂಗಡಿಗೆ ಬೀಗ ಹಾಕಿ ಬಂದು ಅವನ ಜೊತೆಗಿದ್ದಳು.

ನನ್ನನ್ನು ಕಂಡೊಡನೆ ಅಜ್ಜ ಮಗಳಿಗೆ ಹೇಳಿದ: “ಇಕಿ ನೋಡ್ಕೋತಾಳೇನು ನನ್ನ? ಗಾಳಿ ಬೀಸಿದ್ರ ಇಕಿನ್ನ ನಾನು ಹಿಡಕೋಬೇಕು.”

ನನಗೆ ಕೋಪ ಬರಲಿಲ್ಲ, ಅವನು ಹೇಳಿದ್ದು ನಿಜ ಅನ್ನಿಸಿತು. ಅವನನ್ನು ಮುಟ್ಟುವ ಕೆಲಸ ಇನ್ನೊಂದಿಷ್ಟು ಮುಂದೆ ಹೋಗಲಿ ಎಂದು ತೊಳೆದ ಕೈಗಳನ್ನೇ ಮತ್ತೆ ತೊಳೆದುಕೊಂಡೆ.

ಮುಟ್ಟುವ ಮೊದಲು ಹೇಳಬೇಕು, ಇದು ನಮಗೆ ಕಲಿಸಿದ ಮೊದಲ ಪಾಠ. ‘ಅಜ್ಜಾ, ಈಗ ಮುಖ ಒರಸ್ತೀನಿ’, ‘ಈಗ ಎಡಗೈ’ ಎಂದು ಹೇಳುತ್ತಾ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಬೆನ್ನು ಒರೆಸಲು ಮಗ್ಗುಲಿಗೆ ಹೊರಳಿಸಿದಾಗ ಮಂಚದ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ. ಬೆರಳ ಗೆಣ್ಣುಗಳು ಬಿಳಿಚಿಕೊಂಡವು. ಅಷ್ಟು ದೊಡ್ಡ ಮನುಷ್ಯ, ಮಂಚದಿಂದ ಬೀಳುತ್ತೇನೆಂದು ಹೆದರಿದ್ದ. ಅದನ್ನು ಕಂಡು ನನಗೆ ಧೈರ್ಯ ಬರಬೇಕಿತ್ತು. ಇನ್ನಷ್ಟು ಹೆದರಿಕೆಯಾಯಿತು.

ಟೊಂಕದ ಕೆಳಗೆ ಚರ್ಮ ಸುತ್ತಲಿಗಿಂತ ಕಪ್ಪಾಗಿತ್ತು. ನಮ್ಮ ಕಡೆಯ ಕಪ್ಪು ಮೈಯಲ್ಲಿ ಪುಸ್ತಕ ಹೇಳುವ ಕೆಂಪು ಕಾಣುವುದಿಲ್ಲ. ಬೆಳಕಿಗೆ ಸರಿಯಾಗಿ ನಿಂತು, ಮುಟ್ಟಿ ನೋಡಬೇಕು. ಮುಟ್ಟಿದೆ, ಬಿಸಿ ಹತ್ತಿತು. ಮಲಗಿ ಮಲಗಿ ಹುಣ್ಣಾಗುವ ಮುನ್ಸೂಚನೆ. ವಾರ್ಡಿನ ಸಿಸ್ಟರಿಗೆ ಓಡಿಹೋಗಿ ಹೇಳಿದೆ. ಅವರು ಬಂದು ನೋಡಿ, ಅಜ್ಜನನ್ನು ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ದಿಂಬು ಕೊಡಿಸಿದರು. ರೌಂಡ್ಸಿಗೆ ಬಂದ ಡಾಕ್ಟರು, “ನಾಳೆಯಿಂದ ಎಬ್ಬಿಸಿ ನಿಲ್ಲಿಸಿ, ಕುರ್ಚಿ ಮೇಲೆ ಕೂಡಿಸಿ,” ಎಂದರು.

ಮರುದಿನ ಬೆಳಗ್ಗೆ ಹಾಸ್ಟೆಲಿನ ಒಗ್ಗರಣೆ ಮಂಡಕ್ಕಿಯನ್ನು ತಟ್ಟೆಯಲ್ಲೇ ಬಿಟ್ಟು ವಾರ್ಡಿಗೆ ಹೋದೆ.

ಸಿಸ್ಟರ್ ಜೊತೆಗಿದ್ದರು. ಮಂಚದ ಗಾಲಿಗಳಿಗೆ ಬ್ರೇಕ್ ಹಾಕಿದೆವು, ನೆಲದ ಮೇಲಿನ ನೀರು ಒರೆಸಿದೆವು, ಕುರ್ಚಿ ಹತ್ತಿರ ತಂದೆವು. ಮೊದಲು ತಲೆಯ ಕಡೆ ಏರಿಸಿ ಕೂಡಿಸಿ, ಆಮೇಲೆ ಕಾಲು ಇಳಿಬಿಡಿಸಿದೆವು. ಬಿಪಿ ನೋಡಿದ ಸಿಸ್ಟರ್, “ಪರವಾಗಿಲ್ಲ, ಇನ್ನೊಂದು ಸ್ವಲ್ಪ ಹೊತ್ತು ಹಿಂಗ ಕೂತಿರಲಿ,” ಎಂದರು.

“ಅಜ್ಜಾ, ತಲಿ ಸುತ್ತಿ ಚಕ್ಕರ್ ಬರ್ತೈತೇನು?” ಎಂದು ಕೇಳಿದೆ.

“ಏನೂ ಇಲ್ಲ,” ಎಂದ ಅಜ್ಜ.

ಅಷ್ಟರಲ್ಲಿ ಪಕ್ಕದ ಮಂಚದವನಿಗೆ ವಾಂತಿ ಕಿತ್ತುಕೊಂಡು ಬಂತು. ಸಿಸ್ಟರ್ ಅತ್ತ ತಿರುಗುತ್ತಾ, “ನಿಲ್ಲಿಸಬ್ಯಾಡ, ಕೂತಿರಲಿ, ಬಂದೆ,” ಎಂದರು. ನಾನು ಅಜ್ಜನ ಬಲಗಡೆ ಆತು ನಿಂತು, ಸೊಂಟಕ್ಕೆ ಕೈ ಹಾಕಿದೆ.

“ಬಿಡು. ನಾನೇನು ಕೂಸಲ್ಲ,” ಎಂದವನೇ ಮಂಚಕ್ಕೆ ಕೈಯೂರಿ ಎದ್ದು ನಿಂತುಬಿಟ್ಟ.

“ಕೂಡ್ರಿ ಅಜ್ಜಾ, ಕೂಡ್ರಿ!” ಎಂದೆ. ಅವನಿಗೆ ಕೇಳಿಸಲಿಲ್ಲ. ಮೇಲ್ತುಟಿಯ ಮೇಲೆ ಬೆವರು ಒಡೆಯಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಮೊಣಕಾಲು ಮಡಚಿ ಇಡೀ ದೇಹ ನನ್ನ ಕಡೆ ವಾಲಿತು.

ನಾನು ಯೋಚಿಸಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲು ತಾನೇ ಅಗಲವಾಯಿತು. ಅವನ ಭಾರ ನನ್ನ ಎದೆಗೆ ಬಂದು ಬಡಿಯಿತು, ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ನನ್ನ ತೊಡೆಯ ಮೇಲಿಂದ ಅವನು ಜಾರಿದ, ನಾನೂ ಜೊತೆಗೇ ಕುಸಿದೆ. ಬೆನ್ನು ಮಂಚದ ಕಂಬಿಗೆ ಉಜ್ಜಿ ಉರಿಯಿತು. ಇಬ್ಬರೂ ನೆಲದ ಮೇಲಿದ್ದೆವು. ಅವನ ತಲೆ ನನ್ನ ಮೊಣಕೈ ಮಡಿಕೆಯಲ್ಲಿತ್ತು.

ಕಣ್ಣಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು, ಬಾಯಿ ತೆರೆದಿತ್ತು. ಸತ್ತ ಅಂದುಕೊಂಡೆ. ಮಗಳು “ಅಪ್ಪಾ” ಎಂದು ಚೀರಿದಳು. ನಾನು ಕೂಗಿದೆ: “ಸಿಸ್ಟರ್!”

ಅವನ ಮೂಗಿನ ಹತ್ತಿರ ಕೆನ್ನೆ ತಂದೆ. ಬಿಸಿಯುಸಿರು ತಾಗಿತು. ಕುತ್ತಿಗೆಯ ಪಕ್ಕ ಬೆರಳಿಟ್ಟೆ. ಸಣ್ಣಗೆ, ಬಿರುಸಾಗಿ ಅವನ ನಾಡಿ ಸಿಕ್ಕಿತು.

“ಅಕ್ಕಾ, ಅದಾನ ಅಕ್ಕಾ, ಉಸಿರು ಐತಿ. ಕಾಲು ಎತ್ತಿ ದಿಂಬಿನ ಮ್ಯಾಲೆ ಇಡು,” ಎಂದು ಮಗಳಿಗೆ ಹೇಳಿ, ಅಜ್ಜನನ್ನು ನೆಲದ ಮೇಲೆ ಅಂಗಾತ ಮಲಗಿಸಿದೆ. ಸಿಸ್ಟರ್ ಓಡಿಬಂದು ಬಿಪಿ ಪಟ್ಟಿ ಸುತ್ತಿದರು. ತುಂಬಾ ಇಳಿದಿತ್ತು. “ತಡಿ, ಈಗಲೇ ಎತ್ತಬ್ಯಾಡ,” ಎಂದರು.

ಅಜ್ಜನ ಕಣ್ಣುಗಳು ನಿಧಾನವಾಗಿ ಕೆಳಗೆ ಬಂದು ನನ್ನ ಮುಖ ಹುಡುಕಿದವು.

“ಯಾವ ಕುಸ್ತಿ ಪಟ್ಟು ಹಾಕಿದೆಲೇ ಇದು?” ಎಂದ.

ಯಾರೂ ನಗಲಿಲ್ಲ. ನಾನು ಅಳತೊಡಗಿದೆ.

ತಲೆ, ಸೊಂಟ, ಕೈಕಾಲು ಎಲ್ಲೂ ಪೆಟ್ಟಿಲ್ಲವೆಂದು ನೋಡಿದ ಮೇಲೆ ಅವನ ಮೈಯಡಿ ಚಾದರ ಹಾಸಿ, ವಾರ್ಡಿನವರು ನಾಲ್ಕೂ ಕಡೆ ಹಿಡಿದು ಮಂಚಕ್ಕೆ ಎತ್ತಿದರು. ಡಾಕ್ಟರು ಬಂದು ನೋಡಿ, ಬಹಳ ದಿನ ಮಲಗಿದ್ದವರಿಗೆ ಹೀಗಾಗುವುದುಂಟು ಎಂದರು. ಸಂಜೆ ಮೇಡಂ ನನ್ನನ್ನು ಕರೆದು ಎಲ್ಲವನ್ನೂ ಮೊದಲಿನಿಂದ ಹೇಳಿಸಿದರು. ಬೈಯುತ್ತಾರೆಂದು ಕಾದೆ. ಅವರು ನನ್ನ ಬೆನ್ನಿನ ಗೀರಿಗೆ ಔಷಧಿ ಹಚ್ಚಿ, “ನಾಳೆ ಮತ್ತ ನೀನ ನಿಲ್ಲಿಸಬೇಕು. ನಾನು ಇರ್ತೀನಿ,” ಎಂದರು.

ಅವ್ವನಿಗೆ ಫೋನ್ ಮಾಡಿ ಊರಿಗೆ ಬಂದುಬಿಡುತ್ತೇನೆಂದೆ. ಅವ್ವ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ. “ಕುದಿಯೋ ಸಾಂಬಾರಿನ ಬೋಗುಣಿ ಇಳಸಾಕ ನಾನೂ ದಿನಾ ಹೆದರ್ತೀನಿ. ಮಕ್ಕಳು ಸುತ್ತ ನಿಂತಿರ್ತಾವು. ಏನ್ ಮಾಡ್ಲಿ, ಇಳಸಬೇಕಲ್ಲ,” ಎಂದಳು. ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದಳು.

ಮರುದಿನ ಅಜ್ಜ ನನ್ನನ್ನು ಕಂಡು ಗೋಡೆಗೆ ಮುಖ ಮಾಡಿದ. “ಇವತ್ತು ಬ್ಯಾಡ ತಂಗಿ,” ಎಂದ. ದನಿಯಲ್ಲಿ ಹಿಂದಿನ ಗತ್ತಿರಲಿಲ್ಲ. ಮೇಡಂ ನನ್ನ ಕಡೆ ನೋಡಿದರು. ನಾನು ಸ್ಟೂಲ್ ಎಳೆದು ಅವನ ಮುಖ ಕಾಣುವಲ್ಲಿ ಕೂತೆ.

“ಅಜ್ಜಾ, ನನಗೂ ಹೆದರಿಕಿ ಐತಿ.”

ಅವನು ಮಗಳಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ: “ನಿನ್ನಿ ಕೂತಾಗನ ಕಣ್ಣು ಮಂಜಾಗಿದ್ವು. ನೀನು ಕೇಳಿದಾಗ ಇಲ್ಲ ಅಂದೆ. ಅಖಾಡಕ್ಕ ಇಳಿಯಾಕ ಮುಂಚೆನೂ ನನಗ ಹಿಂಗ ಹೆದರಿಕಿ ಆಗ್ತಿತ್ತು. ಯಾರಿಗೂ ಹೇಳಿದವನಲ್ಲ ನಾನು.”

“ಇವತ್ತು ಹೇಳ್ತೀರೇನು?”

“ಹೇಳ್ತೀನಿ.”

ಕೂಡಿಸಿದೆವು, ಕಾಲು ಇಳಿಬಿಡಿಸಿದೆವು. “ಮಂಜು ಐತಿ,” ಎಂದ. ಕಾದೆವು. “ಇನ್ನೂ ಐತಿ,” ಎಂದ. ಮತ್ತೆ ಕಾದೆವು. ಬಿಪಿ ನೋಡಿದೆವು. “ಈಗ ನಿನ್ನ ಮುಖ ಚೊಲೋ ಕಾಣ್ತೈತಿ,” ಎಂದಾಗ ಒಂದು ಕಡೆ ಮೇಡಂ, ಇನ್ನೊಂದು ಕಡೆ ನಾನು ಹಿಡಿದು ನಿಲ್ಲಿಸಿದೆವು. ಅವನ ತೊಡೆಗಳು ಗಡಗಡ ನಡುಗಿದವು. ನನ್ನ ಹೆಗಲ ಮೇಲಿದ್ದ ಅವನ ಕೈ ಕಲ್ಲಿನಷ್ಟು ಭಾರವಿತ್ತು. ಹೆಜ್ಜೆ ಎತ್ತಲಾಗದೆ ಪಾದ ಉಜ್ಜುತ್ತಾ ತಿರುಗಿ ಕುರ್ಚಿಯಲ್ಲಿ ಕೂತ.

ಮುಂದೆ ಅವನು ಮಗಳ ಹೆಗಲು ಹಿಡಿದು ನಡೆದೇ ಮನೆಗೆ ಹೋದ. ಓದು ಮುಗಿದು ನಾನೀಗ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಹೆದರಿಕೆ ಹೋಗಿಲ್ಲ. ಮಲಗಿದವರನ್ನು ಮೊದಲ ಸಲ ನಿಲ್ಲಿಸುವ ದಿನ ಅಂಗೈ ಇವತ್ತಿಗೂ ಒದ್ದೆಯಾಗುತ್ತದೆ. ಆದರೆ ಚಕ್ಕರ್ ಬರುತ್ತದೆಯೇ ಎಂದಷ್ಟೇ ಕೇಳಿ ಬಿಡುವುದಿಲ್ಲ. ಎದುರು ಕೂತು, ನನ್ನ ಮುಖ ಹೇಗೆ ಕಾಣುತ್ತಿದೆ ಹೇಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಸ್ವಲ್ಪ ತಡೆದು, “ಮಂಜು ಮಂಜು ಕಾಣ್ತೈತ್ರಿ,” ಎನ್ನುತ್ತಾರೆ. ಆಗ ಅವರ ಪಕ್ಕದಲ್ಲೇ ಕಾಯುತ್ತಾ ಕೂಡುತ್ತೇನೆ.