ತಾತೀಲಿನ ಹುಗ್ಗಿ

ವಾರದ ಏಳು ರಾತ್ರಿಗೆ ಏಳು ಬಗೆಯ ಅಡುಗೆ ಗೊತ್ತು ಮಾಡಿಸಿಕೊಳ್ಳಲು ನಾನು ಕೊಟ್ಟ ಬೆಲೆ ನನ್ನ ಪಂಚಮಿ. ಶ್ರಾವಣದಲ್ಲಿ ಹೆಣ್ಣುಮಕ್ಕಳೆಲ್ಲ ಉಂಡಿ ತಿನ್ನಲು, ಜೋಕಾಲಿ ಆಡಲು ತವರಿಗೆ ಹೋಗುತ್ತಾರಲ್ಲ, ಆ ಪಂಚಮಿ. ಅತ್ತೆ ಬದುಕಿರುವತನಕ ಆ ಹಬ್ಬಕ್ಕೆ ಸುರಪುರದ ನನ್ನ ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಮಾತು ಕೊಟ್ಟೆ. ಇಷ್ಟು ತುಟ್ಟಿ ಯಾಕೆ ಅಂದರೆ, ಅದಕ್ಕಿಂತ ಕಡಿಮೆಗೆ ಅತ್ತೆ ಇಳಿಯಲಿಲ್ಲ. ನಮ್ಮವ್ವ ಮೊದಮೊದಲು ನನ್ನ ಪಾಲಿನ ಉಂಡಿ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳಂತೆ. ಆಮೇಲೆ ಇಡುವುದನ್ನೂ ಬಿಟ್ಟಳು.

ನಾನು ಚೌಕಾಸಿ ಕಲಿತದ್ದು ಅವ್ವನ ಹಿಂದೆ, ಸಂತೆಯಲ್ಲಿ ಖಾರಪುಡಿ ಮಾರುತ್ತ. ಅದೇ ಖಾರಪುಡಿಯಿಂದ ಮುಂದೆ ನನ್ನ ಸ್ವಂತ ಮನೆ ಎದ್ದಿತು. ಆದರೆ ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು. ನಿಜಾಮರ ರಾಜ್ಯ ಹೋಗಿ ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ್ದು ಆಗಿನ್ನೂ ಹೊಸತು. ಶಹಾಪುರದ ಆ ಮನೆಗೆ ನಾನು ಕಿರಿಯ ಸೊಸೆಯಾಗಿ ಹೋಗಿದ್ದೆ. ನನ್ನ ಗಂಡ ಕಾಳಿನ ಅಂಗಡಿಯಲ್ಲಿ ಕೂರುತ್ತಿದ್ದ. ಭಾವನವರು ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತರು. ಅಲ್ಲೇ ಕೋಣೆ ಮಾಡಿಕೊಂಡಿದ್ದು, ವಾರಕ್ಕೊಮ್ಮೆ ರಜೆಗೆ ಮಾತ್ರ ಬರುತ್ತಿದ್ದರು. ಅವರ ಹೆಂಡತಿ, ನನ್ನ ನೆಗೆಣ್ಣಿ, ವನದುರ್ಗದ ಕಡೆಯವಳು. ನಾನು ಆಕೆಗೆ ಅಕ್ಕ ಅನ್ನುತ್ತಿದ್ದೆ. ನನಗೆ ಆಗಲೇ ಒಬ್ಬ ಮಗನಿದ್ದ, ಅಕ್ಕನಿಗೆ ಮಕ್ಕಳಿರಲಿಲ್ಲ.

ಹೊತ್ತು ಇಳಿಯುತ್ತಿದ್ದ ಹಾಗೆ ಅಕ್ಕ ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತು ಕೇಳಬೇಕಿತ್ತು: "ಅತ್ತಿ, ಏನ್ ಮಾಡ್ಲಿರಿ?"

"ನಿನಗ ತಿಳೀವಲ್ದೇನು? ಇಷ್ಟ್ ವರ್ಷ ಈ ಮನಿ ಕೂಳು ತಿಂದಿ."

ಉತ್ತರ ಅಷ್ಟೇ. ಅಕ್ಕ ರೊಟ್ಟಿ ಬಡಿದು ಕಾಳು ಬೇಯಿಸಿದರೆ, ತಾಟು ಮುಂದೆ ಬಂದ ಮೇಲೆ ಅತ್ತೆ ಅದನ್ನು ಒಂದು ಬೆರಳಿನಿಂದ ಆಚೆ ತಳ್ಳುವಳು. "ಇವತ್ತ ಅನ್ನದ ಮ್ಯಾಲ ಮನಸಾಗಿತ್ತು. ಬಾಯಿ ಬಿಟ್ಟು ಬೇಡಬೇಕೇನು ನಾನು, ನನ್ನ ಮನ್ಯಾಗ?" ಮರುದಿನ ಅಕ್ಕ ಅನ್ನ ಮಾಡಿದರೆ, "ಅಕ್ಕಿ ನಿಮ್ಮಪ್ಪ ಕಳಿಸ್ಯಾನೇನು?" ಓಣಿಯವರು ಕಟ್ಟೆಗೆ ಬಂದು ಕೂತಿದ್ದ ಹೊತ್ತು ನೋಡಿಯೇ ಇದನ್ನು ಅನ್ನುವಳು.

ಇದು ಮುದುಕಿಯ ಸಿಡುಕು ಎಂದು ನಾನೂ ಮೊದಲು ತಿಳಿದಿದ್ದೆ. ಒಂದು ದಿನ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ತಾನಾಗಿಯೇ ಹೇಳಿದಳು. ಬಳಿಚಕ್ರದಲ್ಲಿ ಒಂದು ಹುಡುಗಿ ನೋಡಿಟ್ಟಿದ್ದಾಳೆ, ದೊಡ್ಡ ಮಗನಿಗೆ.

"ಅಕ್ಕ ಅದಾಳಲ್ರಿ?" ಅಂದೆ.

"ಮಕ್ಕಳಾಗಲಿಲ್ಲಂತ ಬಿಟ್ರ ಮಂದಿ ನಮ್ಮನ್ನ ಅಂತಾರ. ಮನಿ ನಡಸಾಕ ಬರಂಗಿಲ್ಲಂತ ಬಿಟ್ರ ಆಕೀನ್ನ ಅಂತಾರ. ಇನ್ನಷ್ಟು ಎಣ್ಣಿ ಹಾಕು."

ಹಾಕಿದೆ. ಹಾಕುತ್ತಲೇ ನನಗೆ ಹೊಳೆದದ್ದು ಇಷ್ಟು: ಆ ಸಂಜೆಯ ಪ್ರಶ್ನೆಯೇ ಬಲೆ. ಅದನ್ನು ಕೇಳುವ ಅಗತ್ಯವೇ ಇಲ್ಲದ ಹಾಗೆ ಮಾಡಿದರೆ ಅಕ್ಕ ಉಳಿಯುತ್ತಾಳೆ.

ಸರಕು ಕೊಳ್ಳುವಾಗ ಸಾಕ್ಷಿ ಇರಬೇಕು. ಪ್ರತಿ ಸೋಮವಾರ ಸಂಜೆ ನಮ್ಮ ಮನೆಗೆ ಜಂಗಮ ಅಯ್ಯನವರು ಭಿಕ್ಷಕ್ಕೆ ಬರುತ್ತಿದ್ದರು. ಅವರ ಎದುರಿಗೆ ಆಡಿದ ಮಾತನ್ನು ಅತ್ತೆ ನುಂಗುವ ಹಾಗಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತಿದ್ದಾಗಲೇ ನಾನು ಶುರು ಮಾಡಿದೆ.

"ಅತ್ತಿ, ಸೋಮವಾರ ಅಂದ್ರ ಅನ್ನ-ಸಾರು ಅಂತ ಗೊತ್ತು ಮಾಡಿಬಿಡ್ರಿ. ಅಯ್ಯನೋರು ಉಣ್ಣೋ ದಿನ."

"ಭಾಳ ಚಲೋ ಮಾತು," ಅಂದರು ಅಯ್ಯನವರು. ಅವರಿಗೆ ಊರೆಲ್ಲ ರೊಟ್ಟಿ ತಿಂದು ಸಾಕಾಗಿತ್ತು.

ಮೊದಲ ದಿನ ಪುಕ್ಕಟೆ ಬಂತು. ಮಂಗಳವಾರ ಕಾಳು, ಬುಧವಾರ ಪುಂಡಿಯಂಥ ಸೊಪ್ಪಿನ ತಪ್ಪಲಪಲ್ಯ, ಗುರುವಾರ ಕಡಲೆಹಿಟ್ಟಿನ ಜುಣಕ, ಶನಿವಾರ ಬದನೆಕಾಯಿಯೋ ಹೀರೆಕಾಯಿಯೋ, ಐತವಾರ ಎಲ್ಲರ ಹೊಟ್ಟೆಗೂ ಹಗುರಾಗಲಿ ಎಂದು ನುಚ್ಚು-ಮಜ್ಜಿಗೆ. ಒಂದೊಂದನ್ನೂ ಹೇಳಿ ಅಯ್ಯನವರ ಮುಖ ನೋಡುವೆ, ಅವರು ತಲೆಯಾಡಿಸುವರು. ಅತ್ತೆಗೆ ಮೈ ಉರಿಯುತ್ತಿತ್ತು.

"ಸುರಪುರದ ಸಂತ್ಯಾಗ ಬೆಳದಾಕಿ. ಗಿರಾಕಿ ಬಾಯಿ ಕಟ್ಟಾಕ ಬರ್ತದ," ಅಂದಳು. "ನನಗೇನು ಕೊಡ್ತಿ?"

ನಾನು ಕಾಲೊತ್ತುವ ಕೆಲಸ ಮುಂದಿಟ್ಟೆ. ಬೇಡ ಅಂದಳು. ಬೆಳಗಿನ ಸಗಣಿ-ಸಾರಣೆ ಮುಂದಿಟ್ಟೆ. ಬೇಡ.

"ನಿನ್ನ ಪಂಚಮಿ ಕೊಡು."

ಕೊಟ್ಟೆ. ಉಳಿದದ್ದು ಏಳನೆಯ ರಾತ್ರಿ. "ಶುಕ್ರವಾರ ಗೋದಿ ಹುಗ್ಗಿ, ಭಾವನೋರು ಬರ್ತಾರ," ಅಂದೆ.

"ಶುಕ್ರವಾರ ಯಾಕಂತಿ? ತಾತೀಲಿನ ರಾತ್ರಿ ಅನ್ನು. ನನ್ನ ಮಗ ಬರೋದು ತಾತೀಲಿಗೆ."

ತಾತೀಲು ಅಂದರೆ ರಜೆ. ನಿಜಾಮರ ಕಚೇರಿಗಳಿಂದ ನಮ್ಮ ಅಡುಗೆಮನೆಗೆ ಬಂದ ಮಾತು. ಜುಮ್ಮಾ ಅಂತ ಶುಕ್ರವಾರವೇ ಕಚೇರಿಗೆ ತಾತೀಲು. ನಾನು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಎರಡೂ ಒಂದೇ ಎಂದು ನಾನು ಹೂಂ ಅಂದೆ. ಅಯ್ಯನವರು ಎದ್ದು ನಮ್ಮಿಬ್ಬರಿಗೂ ವಿಭೂತಿ ಹಚ್ಚಿ ಹೇಳಿದರು: "ಏಳು ರಾತ್ರಿಗೆ ಏಳು ಅಡಿಗಿ. ಇದು ಬಿಟ್ಟು ಯಾರೂ ಬ್ಯಾರೆ ಕೇಳಂಗಿಲ್ಲ, ಯಾರೂ ಬ್ಯಾರೆ ಮಾಡಂಗಿಲ್ಲ. ಆತಿಲ್ರಿ?"

ಆಮೇಲಿನ ದಿನಗಳಲ್ಲಿ ಅಕ್ಕ ಆ ಬಾಗಿಲಿಗೆ ಹೋಗುವುದು ನಿಂತಿತು. ಹಿಂದಿನ ರಾತ್ರಿಯೇ ಕಾಳು ನೆನೆಯುತ್ತಿತ್ತು, ಮಧ್ಯಾಹ್ನವೇ ಪುಂಡಿಸೊಪ್ಪು ಸೋಸಿ ಇಟ್ಟಿರುತ್ತಿತ್ತು. ಒಮ್ಮೆ ಬೀಸುವ ಕಲ್ಲಿನ ಮುಂದೆ ಹಾಡಿಯೂ ಬಿಟ್ಟಳು. ನನ್ನನ್ನು ಕಂಡು ನಾಚಿ ನಿಲ್ಲಿಸಿದಳು. ಸಂಜೆಯಾದರೆ ಅತ್ತೆ ತನ್ನ ಬಾಗಿಲ ಕಡೆ ನೋಡುತ್ತ ಕೂರುವಳು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ.

ಆಗ ಹೊಸ ಸರಕಾರ ಕಚೇರಿಯ ರಜೆಯನ್ನು ಶುಕ್ರವಾರದಿಂದ ಐತವಾರಕ್ಕೆ ಬದಲಿಸಿತು.

ಭಾವನವರು ಯಾದಗಿರಿಯಿಂದ ಮೋಟಾರಿನ ಡ್ರೈವರನ ಕೈಯಲ್ಲಿ ಹೇಳಿಕಳಿಸಿದ್ದರು: ಇನ್ನು ಮೇಲೆ ಬರುವುದು ಐತವಾರ. ಸುದ್ದಿ ಬಂದದ್ದು ಅತ್ತೆಯ ಕಿವಿಗೆ. ಆಕೆ ಅದನ್ನು ಎಲೆಯಡಿಕೆಯ ಜೊತೆ ಬಾಯಲ್ಲಿಟ್ಟುಕೊಂಡು ಸುಮ್ಮನಾದಳು. ಡ್ರೈವರನೇ ಆಮೇಲೆ ನನ್ನ ಗಂಡನಿಗೆ ಹೇಳಿದ್ದರಿಂದ ನಮಗೆ ತಿಳಿಯಿತು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಶುಕ್ರವಾರ ಅಕ್ಕ ಗೋದಿ ಕುಟ್ಟಿ, ಬೆಲ್ಲ ಹಾಕಿ, ದೊಡ್ಡ ಪಾತ್ರೆಯ ತುಂಬ ಹುಗ್ಗಿ ಮಾಡಿದಳು. ಭಾವನವರು ಬರಲಿಲ್ಲ. ಅತ್ತೆ ಪಾತ್ರೆಯನ್ನು ಕಟ್ಟೆಗೆ ತರಿಸಿ ಓಣಿಯವರ ಮುಂದೆ ಮುಚ್ಚಳ ತೆಗೆದಳು. "ನೋಡ್ರವಾ. ಗಂಡ ಊರಾಗಿಲ್ಲ. ಯಾರಿಗಿ ಮಾಡ್ಯಾಳ ಇಷ್ಟು ಹುಗ್ಗಿ? ನನಗಂತೂ ಹೇಳವಲ್ಲಳು."

ಐತವಾರ ದೀಪ ಹಚ್ಚುವ ಹೊತ್ತಿಗೆ ಭಾವನವರು ಬಂದರು. ಅಕ್ಕ ಬೇರೆ ಪಾತ್ರೆಗೆ ಕೈ ಹಾಕುವಷ್ಟರಲ್ಲಿ ಅತ್ತೆ ಮಗನನ್ನು ಮಣೆಯ ಮೇಲೆ ಕೂರಿಸಿಬಿಟ್ಟಿದ್ದಳು. ತಾಟಿನಲ್ಲಿ ನುಚ್ಚು, ಮಜ್ಜಿಗೆ.

"ಇದೇನಿದು?"

"ನಿನ್ನ ಹೇಣ್ತಿ ಮಾಡ್ಯಾಳ. ನೀ ಬರದ ದಿನ ಹುಗ್ಗಿ, ನೀ ಬಂದ ದಿನ ನುಚ್ಚು. ನಾ ಬಾಯಿ ಹಾಕಂಗಿಲ್ಲಪ, ಏಳು ರಾತ್ರಿ ಅವರs ಹಂಚಿಕೊಂಡಾರ."

ಭಾವನವರು ತಾಟಿನಲ್ಲಿ ಕೈ ತೊಳೆದು ಎದ್ದರು. ನಾನು ನಡುವೆ ಬಾಯಿ ಹಾಕಿದೆ. ನನ್ನ ಗಂಡ ನನ್ನ ರಟ್ಟೆ ಹಿಡಿದು ಒಳಗೆ ಎಳೆದ. ಬೆಳಗಾದರೆ ಬಾಗಿಲಲ್ಲಿ ಬಂಡಿ ನಿಂತಿತ್ತು, ವನದುರ್ಗಕ್ಕೆ.

ಅಕ್ಕ ಗಂಟು ಇಟ್ಟುಕೊಂಡು ಹತ್ತಿದವಳು ನನ್ನನ್ನು ಕರೆದು ಹೇಳಿದಳು: "ತಂಗಿ, ಹೆಸರುಕಾಳು ನೆನಿ ಹಾಕೀನಿ. ನೀರು ಬಸದು ಅರಿಬ್ಯಾಗ ಕಟ್ಟು, ಮೊಳಕಿ ಬರ್ತಾವ. ನಾಳಿ ಮಂಗಳವಾರ."

ಆ ಸಂಜೆ ಅಯ್ಯನವರು ಬಂದರು. ಅನ್ನ-ಸಾರು ಬಡಿಸಿ, ಅವರಿಗೂ ಕೇಳುವ ಹಾಗೆ ಅತ್ತೆಯನ್ನು ಕೇಳಿದೆ. "ಅತ್ತಿ, ತಾತೀಲು ಅಂದ್ರ ಯಾವ ವಾರರಿ?"

"ಐತವಾರ. ಸರಕಾರನ ಹೇಳ್ಯದ. ನಿನ್ನ ನೆಗೆಣ್ಣಿಗೆ ತಿಳೀಲಿಲ್ಲಂದ್ರ ನಾ ಏನ್ ಮಾಡ್ಲಿ?"

"ಹಂಗಾದ್ರ ತಾತೀಲಿನ ಹುಗ್ಗಿ ಐತವಾರಕ್ಕ ಹೋತು. ಶುಕ್ರವಾರಕ್ಕ ಯಾವ ಅಡಿಗಿನೂ ಉಳೀಲಿಲ್ಲ. ಬ್ಯಾರೆ ಮಾಡಂಗಿಲ್ಲಂತ ಅಯ್ಯನೋರು ಹೇಳ್ಯಾರ. ಹೌದಲ್ರಿ ಅಯ್ಯನೋರ?"

ಅಯ್ಯನವರು ತುತ್ತು ಹಿಡಿದುಕೊಂಡು ಇಬ್ಬರನ್ನೂ ನೋಡಿದರು. "ಮಾತು ಹಂಗs ಆಗಿತ್ತು," ಅಂದರು.

ಶುಕ್ರವಾರ ಸಂಜೆ ನಾನು ಒಲೆ ಹಚ್ಚಲಿಲ್ಲ. ಗಂಡ ಖಾನಾವಳಿಗೆ ಹೋದ. ನಾನು ಮಧ್ಯಾಹ್ನವೇ ಒಂದು ರೊಟ್ಟಿ ಹೆಚ್ಚು ತಿಂದಿದ್ದೆ. ಅತ್ತೆಗೆ ಮೊಣಕಾಲು ಹಿಡಿದಿದ್ದವು, ಒಲೆಯ ಮುಂದೆ ಕೂರಲಾರಳು.

"ಏ, ಒಂದು ರೊಟ್ಟಿ ಬಡಿ."

"ಯಾವ ಮಾತಿನ ಮ್ಯಾಲ ಬಡೀಲಿರಿ? ಸೋಮವಾರ ಅಯ್ಯನೋರು ಬರ್ತಾರ, ಕೇಳೋಣು."

"ಮುದುಕಿ ಹೊಟ್ಟಿ ಮ್ಯಾಲ ಹೊಡೀತಿ?"

"ವನದುರ್ಗಕ್ಕ ಹೋದಾಕಿ ಏನ್ ಉಂಡಾಳೋ, ಅದನ್ನೂ ಕೇಳೋಣು."

ಅದರ ಮುಂದಿನ ಶುಕ್ರವಾರವೂ ಹಾಗೆಯೇ. ಅದರ ಮುಂದಿನದೂ. ಆಕೆಯ ಹೊಟ್ಟೆ ಗುರ್ರೆನ್ನುವುದು ಪಡಸಾಲೆಗೆ ಕೇಳುತ್ತಿತ್ತು. ನಾನು ಅಲ್ಲೇ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಇವತ್ತಿಗೂ ನನಗೆ ಅದರ ಬಗ್ಗೆ ಕನಿಕರವಿಲ್ಲ.

ಕೊನೆಗೊಂದು ದಿನ ಆಕೆಯೇ ಅಂದಳು: "ಬಂಡಿ ಕಳಸು. ಕರಕೊಂಡು ಬರ್ಲಿ ಆಕೀನ್ನ. ನನ್ನ ಮಗನಿಗಿ ನಾ ಹೇಳ್ತೀನಿ."

"ಹುಗ್ಗಿ ಐತವಾರ, ನುಚ್ಚು ಶುಕ್ರವಾರ. ತಾತೀಲು-ಗೀತೀಲು ಇಲ್ಲ. ಬಳಿಚಕ್ರದ ಮಾತೂ ಇಲ್ಲ," ಅಂದೆ.

"ಆತು," ಅಂದಳು. ಚೌಕಾಸಿಯನ್ನೇ ಮಾಡಲಿಲ್ಲ. ಕೇಳಿದ ಬೆಲೆಗೆ ಮರುಮಾತಿಲ್ಲದೆ ಒಪ್ಪುವವನಿಗೆ ಬೇರೇನೋ ಸಿಕ್ಕಿರುತ್ತದೆ ಎಂದು ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗೆದ್ದ ಭರದಲ್ಲಿ ನಾನು ಅದನ್ನು ನೋಡಲಿಲ್ಲ.

ಅಕ್ಕ ಬಂದದ್ದು ಬುಧವಾರ. ಸೊರಗಿದ್ದಳು. ಪುಂಡಿಸೊಪ್ಪು ಬುಟ್ಟಿಯಲ್ಲಿತ್ತು, ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆಕೆ ಕೈಕಾಲು ತೊಳೆದು ಒಲೆಯ ಕಡೆ ಬರಲಿಲ್ಲ. ನೆಟ್ಟಗೆ ಅತ್ತೆಯ ಬಾಗಿಲಿಗೆ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಅತ್ತಿ, ಏನ್ ಮಾಡ್ಲಿರಿ?"

ಒಳಗಿನಿಂದ ಹೊಟ್ಟೆ ತುಂಬಿದವರ ದನಿ: "ನಿನಗ ತಿಳೀವಲ್ದೇನು?"

ನಾನು ಆಕೆಯ ಕೈ ಹಿಡಿದು ಈಚೆ ಎಳೆದೆ. "ಅಕ್ಕಾ, ಇವತ್ತ ಬುಧವಾರ. ಯಾಕ ಕೇಳ್ತಿ?"

"ಗೊತ್ತದ ತಂಗಿ. ಕೇಳಲಿಲ್ಲಂದ್ರ ಮತ್ತ ಬಂಡಿ ತರಸ್ತಾರ. ನಿನಗ ಕೇಳದs ಇರಾಕ ನಡೀತದ, ಮಡಿಲಾಗ ಮಗ ಅದಾನ. ನನಗ ಏನದ?"

ಅತ್ತೆಯನ್ನು ಬಗ್ಗಿಸಿದ್ದು ಹಸಿವೆ ಎಂದು ತಿಳಿದಿದ್ದೆ. ಆಕೆ ಹಸಿವೆ ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ಆ ಬರಿದಾದ ಬಾಗಿಲು. ಕೇಳುವವಳನ್ನೇ ವಾಪಸು ತರಿಸಿಕೊಂಡಳು. ಬಳಿಚಕ್ರದ ಹುಡುಗಿ ಬೇರೆ ಮನೆ ಸೇರಿದಳು. ಅಕ್ಕ ಈ ಮನೆಯಲ್ಲಿ ಉಳಿದಳು, ದಿನಾ ಸಂಜೆ ಆ ಬಾಗಿಲಲ್ಲಿ ನಿಂತುಕೊಂಡು.

ವರ್ಷದೊಳಗೆ ಒಲೆಗಳು ಬೇರೆಯಾದವು. ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯ ಈಚೆ ನನ್ನ ಏಳು ರಾತ್ರಿಗಳು, ಆಚೆ ಅದೇ ಪ್ರಶ್ನೆ, ತಾಟು ತಳ್ಳಿದ ಸಪ್ಪಳ. ಒಲೆ ಬೇರೆಯಾದ ಮೇಲಾದರೂ ನನ್ನ ಪಂಚಮಿ ಕೊಡಿ ಎಂದು ಅತ್ತೆಯನ್ನು ಕೇಳಿದೆ. "ಕೊಟ್ಟ ಸರಕು ವಾಪಸ್ ಕೇಳ್ತಾರೇನು ನಿಮ್ಮ ಸಂತ್ಯಾಗ?" ಅಂದಳು. ನಮ್ಮವ್ವ ತೀರಿಹೋದ ಮೇಲೂ ಆಕೆ ಬದುಕಿದ್ದಳು.

ಇಷ್ಟಾದರೂ ನಾನು ನಿಮಗೆ ಹೇಳುವುದು, ವಾರ ಹಂಚಿಕೊಳ್ಳಿರಿ ಎಂದೇ. ಅಡುಗೆಯ ಬಗೆಯನ್ನು ಗೊತ್ತು ಮಾಡಿ, ಅಡುಗೆಯನ್ನಲ್ಲ. ಕಾಳಿನ ರಾತ್ರಿ ಅಂದರೆ ಸಾಕು, ಹೆಸರುಕಾಳೋ ಮಡಕಿಕಾಳೋ ಎಂಬುದನ್ನು ಡಬ್ಬಿ ನೋಡಿ ತೀರ್ಮಾನಿಸಬಹುದು. ಪ್ರತಿ ರಾತ್ರಿಯನ್ನು ವಾರದ ಹೆಸರಿಗೇ ಕಟ್ಟಿರಿ. ರಜೆ, ಹಬ್ಬ, ಸಂತೆ, ಯಾರೋ ಬರುವ ದಿನ, ಇವಕ್ಕೆ ಕಟ್ಟಬೇಡಿ, ಅವು ಜಾರುತ್ತವೆ. ಹಗುರಾದ ಊಟವನ್ನು ಹುಗ್ಗಿಯ ಮರುದಿನವೇ ಇಟ್ಟುಕೊಂಡರೆ ಉಳಿದದ್ದು ಕೆಡುವುದಿಲ್ಲ. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ಸಂಜೆ "ಏನ್ ಮಾಡ್ಲಿ" ಎಂದು ಕೇಳುವವರು ಯಾರು ನೋಡಿರಿ. ಕೇಳದಿದ್ದರೂ ಆಕೆಯ ಜಾಗ ಆಕೆಗೆ ಉಳಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ವಾರಕ್ಕೆ ಕೈ ಹಾಕಿರಿ. ಖಾತ್ರಿಯಾಗಿದ್ದರೆ ತಡ ಮಾಡಬೇಡಿ, ಇವತ್ತು ಮಲಗುವ ಮುಂಚೆ ಒಂದು ಸೇರು ಹೆಸರು ನೆನೆ ಹಾಕಿರಿ.