ಹೊಟ್ಟೆಯೊಳಗಿನವರ ಸಕ್ಕರೆ

ಕಾನ್ವೆಂಟಿನಲ್ಲಿ ಓದುವಾಗ ಕ್ರಿಮಿಗಳಿಗೆ ಕೊಂಬು, ಕೋರೆಹಲ್ಲು ಬರೆದು ಸಿಸ್ಟರಿಂದ ಶಭಾಸ್ ಅನ್ನಿಸಿಕೊಂಡವಳು ನಾನು. ಅವು ವೈರಿಗಳೆಂದೇ ನಂಬಿ ಇಷ್ಟು ವರ್ಷ ಕೈ ತೊಳೆದೆ, ಪಾತ್ರೆ ಕುದಿಸಿದೆ, ಮನೆಯವರ ತಲೆ ತಿಂದೆ. ಈಗ ಅದೇ ಕ್ರಿಮಿಗಳಿಗೆ ಚಮಚೆಯಲ್ಲಿ ಸಕ್ಕರೆ ಅಳೆಯುತ್ತ ನಿಂತಿದ್ದೇನೆ.

ಅತ್ತೆಗೆ ನ್ಯುಮೋನಿಯಾ ಆಗಿತ್ತು. ಗಂಡನಂತೆ ನಾನೂ ಅವರನ್ನು ಆಯಿ ಎಂದೇ ಕರೆಯುವುದು. ಆಂಟಿಬಯೋಟಿಕ್ ಎದೆಯ ಕಫವನ್ನೇನೋ ಓಡಿಸಿತು, ಹೊಟ್ಟೆಯನ್ನೂ ಬರಿದು ಮಾಡಿತು. ಭೇದಿ ನಿಂತ ಮೇಲೂ ಆಯಿ ಊಟಕ್ಕೆ ಬಾಯಿ ತೆರೆಯಲಿಲ್ಲ. ಉಂಡರೆ ಮತ್ತೆ ಹಾಸಿಗೆ ಕೆಟ್ಟೀತು, ಸೊಸೆ ತೊಳೆಯಬೇಕಾದೀತು ಎಂಬ ಸಂಕೋಚ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕೋಡಿಬಾಗದಲ್ಲಿರುವ ನಮ್ಮ ಮನೆಯ ಕಿಟಕಿಯಾಚೆ ಕಾಳಿ ನದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಈಚೆ ಮುಟ್ಟದ ಗಂಜಿಯ ಮೇಲೆ ಕೆನೆಗಟ್ಟುತ್ತಿತ್ತು. ಹೀಗೇ ಆದರೆ ಸಲೈನ್ ಹಚ್ಚಬೇಕು, ಈ ಜೀವ ಇನ್ನೊಮ್ಮೆ ಆಸ್ಪತ್ರೆ ತಡೆಯುವುದು ಕಷ್ಟ ಎಂದರು ಡಾಕ್ಟರು.

ಅವರು ಬರೆದುಕೊಟ್ಟ ಪುಡಿ ಒಂದು ಬಗೆಯ ಸಕ್ಕರೆ. ತಿಂದವರಿಗೆ ಅದು ಅರಗುವುದಿಲ್ಲ. ಔಷಧಿಯ ಏಟಿಗೆ ಕರುಳಿನಲ್ಲಿ ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನುಂಡು ಮತ್ತೆ ಸಂಸಾರ ಹೂಡುತ್ತವಂತೆ. ಅಂಕೋಲೆಯ ನನ್ನ ತವರಿನಲ್ಲಿ ಜಡೆ ಹೆಣೆದು ತೂಗುಬಿಡುವ ಈರುಳ್ಳಿಯಲ್ಲೂ ಇಂಥದು ಇದೆ. ತಾಯಿಹಾಲಿನಲ್ಲೂ ಇದೆ, ಕೂಸಿಗೆ ಅರಗದ ಸಕ್ಕರೆ! ಹುಟ್ಟಿದವರ ಮೊದಲ ಊಟದಲ್ಲೇ ಬೇರೆ ಯಾರಿಗೋ ಎಲೆ ಹಾಕಿರುತ್ತದೆ ಎಂದಾಯಿತು.

ಆಯಿಗೆ ಇದನ್ನು ವಿವರಿಸಿದೆ.

"ಬೇಡ ತಂಗಿ. ನಂಗೇ ಅರಗೂದಿಲ್ಲ ಅಂದ್ಮೇಲೆ ಎಂತಕ್ಕೆ ಸುಮ್ನೆ?"

"ನಿಮಗಲ್ಲ ಆಯಿ, ಹೊಟ್ಟೆಯೊಳಗಿನ ಸಣ್ಣ ಜೀವಗಳಿಗೆ. ನಿಮ್ಮ ಜೊತೆ ಅವೂ ಉಪವಾಸ ಬಿದ್ದಿವೆ."

ಆಯಿ ನನ್ನನ್ನೇ ನೋಡಿದರು. ದನಕ್ಕೊಂದು ಮುಷ್ಟಿ, ಕಾಗೆಗೊಂದು ತುತ್ತು ತೆಗೆದಿಡದೆ ಎಂದೂ ಉಂಡವರಲ್ಲ ಅವರು.

"ಜೀವ ಇದ್ದವಾ? ಮೊದ್ಲೇ ಹೇಳೂಕೆ ಎಂತ ಆಗಿತ್ತೇ ನಿಂಗೆ? ಹಸಿದವ್ರನ್ನ ಕಾಯಿಸೂದನ್ನೇ ಕಲಿಸಿದ್ರಾ ನಿನ್ನ ಕಾನ್ವೆಂಟಲ್ಲಿ?"

ಪುಡಿ ಕಲಸಿದ ನೀರು ಕುಡಿದರು. ಸಂಜೆ ಅವರ ಹೊಟ್ಟೆ ಗುಡುಗುಡು ಎಂದಾಗ, ಮತ್ತೆ ಭೇದಿಯೇ ಎಂದು ಹಾಸಿಗೆಯ ಬಳಿ ಓಡಿದೆ. "ಪಂಕ್ತಿ ಕೂತ್ರು ಕಾಣ್ತದೆ," ಎಂದರು ಆಯಿ, ಕಣ್ಣು ಮುಚ್ಚಿಕೊಂಡೇ.

ಚೇತರಿಸಿಕೊಂಡರು ಎಂದು ಬರೆಯಲಾರೆ. ಇನ್ನೂ ಗೋಡೆ ಹಿಡಿದೇ ನಡೆಯುತ್ತಾರೆ, ನದಿಯ ಕಡೆ ನೋಡುತ್ತ ಮಾತು ಮರೆಯುತ್ತಾರೆ. ಆದರೆ ಇವತ್ತು ಪುಡಿಯ ಲೋಟ ಇಳಿಸಿ ಕೇಳಿದರು, "ಅವಕ್ಕೆ ಬರೀ ಸಿಹಿ ಹಾಕಿದ್ರೆ ಹೆಂಗೆ? ಎರಡು ಚಮಚೆ ಗಂಜಿ ತಾ. ಉಪ್ಪು ಮರೀಬೇಡ."

ಉಪ್ಪು ಹಾಕಿ ಗಂಜಿ ತಂದೆ. ಯಾರ ಹೆಸರಿನಲ್ಲಾದರೂ ಉಣ್ಣಲಿ. ಇಳಿಯುವುದು ಈ ಒಂದೇ ಗಂಟಲಿನಲ್ಲಲ್ಲವೇ?