ಹನಿ ಹಾಲಿನ ಡಾಕ್ಟರು
ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನಮ್ಮ ಹನಿ ಹಾಲಿನ ಡಾಕ್ಟರು ಮೋಡದ ಮೇಲೆ ಕಾಲಿಟ್ಟವರಂತೆ ಓಡಾಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಮಗು ಮಲಗಿದ್ದರೆ, "ಯಜಮಾನ್ರೇ, ಒಳಗೆ ಬರಲಾ?" ಎಂದು ಅಪ್ಪಣೆ ಕೇಳಿಯೇ ಕೈಯಿಡುತ್ತಾರೆ. ಅದರ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರೆಂದರೆ, ದೂರದ ಹೊಳೆಯ ಸದ್ದಿಗೆ ಕಿವಿಗೊಟ್ಟವರಂತೆ ನಿಂತೇಬಿಡುತ್ತಾರೆ. ಆಗ ಗೋಡೆಯ ಗಡಿಯಾರವೂ ತುದಿಗಾಲಲ್ಲಿ ನಡೆಯುತ್ತದೆ. ಮೂಗಿನ ಟ್ಯೂಬಿನಲ್ಲಿ ಇಳಿಸಿದ ಹಾಲು ಅರಗದೆ, ಮುಂದಿನ ಸಲ ಎಳೆದು ನೋಡಿದಾಗ ಸಿರಿಂಜಿಗೆ ವಾಪಸ್ಸು ಬಂದರೆ, "ಯಾಕೆ, ಊಟ ಸೇರಲಿಲ್ವಾ?" ಎಂದು ಬೀಗರನ್ನು ವಿಚಾರಿಸಿದಂತೆ ವಿಚಾರಿಸಿ, ನಿದ್ದೆಹೋದ ಕರುಳನ್ನು ಮೆಲ್ಲಗೆ ಎಬ್ಬಿಸುವ ಔಷಧಿಯನ್ನು ಇಬ್ಬನಿಯಷ್ಟು ಕೊಡಿಸುತ್ತಾರೆ. "ಇನ್ನೊಂಚೂರು ಜಾಸ್ತಿ ಹಾಕಬಾರದಾ ಡಾಕ್ಟ್ರೇ?" ಎಂದು ಮಗುವಿನ ಅಜ್ಜಿ ಅಂಗಲಾಚಿದರೆ, "ಔಷಧಿ ಬಾಗಿಲು ತಟ್ಟುತ್ತೆ ಅಷ್ಟೇ ಅಜ್ಜಿ, ತೆಗೀಬೇಕಾದೋರು ಒಳಗಿರೋ ಯಜಮಾನ್ರು" ಎನ್ನುತ್ತಾರೆ. ಲೋಕವೆಲ್ಲ ತುಂಬಿದ್ದನ್ನು ಕಂಡು ಹಿಗ್ಗಿದರೆ ಇವರು ಹಿಗ್ಗುವುದು ಎಳೆದರೂ ಹಾಲು ವಾಪಸ್ಸು ಬಾರದ ಖಾಲಿ ಸಿರಿಂಜ್ ಕಂಡು. ಮಗು ಕಕ್ಕ ಮಾಡಿದೆಯೆಂದು ನರ್ಸ್ ಹೇಳಿದರಂತೂ, ಮನೆಯಲ್ಲಿ ಮದುವೆ ಗೊತ್ತಾದವರಂತೆ ಕಂಡಕಂಡವರಿಗೆಲ್ಲ ಸಾರಿಕೊಂಡು ಬರುತ್ತಾರೆ. ಆದರೆ ಔಷಧಿ ಎಷ್ಟು ತಟ್ಟಿದರೂ ಬಾಗಿಲು ತೆರೆಯದೆ, ಪುಟ್ಟ ಹೊಟ್ಟೆ ಉಬ್ಬಿ, "ಸದ್ಯಕ್ಕೆ ಹಾಲು ನಿಲ್ಲಿಸಿ" ಎಂದು ಹೇಳಬೇಕಾದ ದಿನ ಅವರು ಮಧ್ಯಾಹ್ನವೆಲ್ಲ ಆ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಡುತ್ತಾರೆ. ಅಂಥ ಸಂಜೆ ಮನೆಯಲ್ಲಿ ಅವರ ಹೆಂಡತಿ, ಆಸ್ಪತ್ರೆಯಿಂದ ವಾಪಸ್ಸು ಬಂದ ಊಟದ ಡಬ್ಬಿಯನ್ನು ಕೈಗೆತ್ತಿಕೊಂಡು, ಮುಚ್ಚಳ ತೆರೆಯದೆ, ಅದರ ಭಾರದಿಂದಲೇ ಎಲ್ಲ ತಿಳಿದುಕೊಂಡು ಕೇಳುತ್ತಾರೆ: "ಇವತ್ತು ಯಾವ ಮಗು ಉಪವಾಸ ರೀ?"